ಸುಳ್ಳು ಚೀಟಿ ಹೊತ್ತ ಗೂಬೆ

ಹಕ್ಕಿ ನೋಡುವಂಥ ನಿರುಪದ್ರವಿ ಹವ್ಯಾಸದಲ್ಲೂ ಕಳ್ಳತನ, ಖೋಟಾ ದಾಖಲೆ, ವಂಚನೆಗಳಿರುತ್ತವೆಯೇ ಎಂದು ಓದುಗರು ಹುಬ್ಬೇರಿಸಬಹುದು. ಚಿನ್ನ ಕದ್ದರೆ ಮಾರಿಕೊಳ್ಳಬಹುದು, ಜಮೀನಿನ ಪತ್ರ ತಿದ್ದಿದರೆ ಮನೆ ಕಟ್ಟಿಕೊಳ್ಳಬಹುದು. ಎಂದೋ ಸತ್ತ ಗೂಬೆಯೊಂದರ ಕಾಲಿಗೆ ಸುಳ್ಳು ಚೀಟಿ ಕಟ್ಟಿದರೆ ಬರುವ ಲಾಭವಾದರೂ ಏನು? ಲಾಭದ ಲೆಕ್ಕ ಹಾಕಲು ಹೊರಟರೆ ಈ ಕಥೆ ಅರ್ಥವಾಗುವುದಿಲ್ಲ. ನಷ್ಟದ ಲೆಕ್ಕವನ್ನಾದರೆ ಹಾಕಬಹುದು. ಅದರಲ್ಲಿ ನಮ್ಮ ದೇಶದ ಪಾಲೇ ದೊಡ್ಡದು.

ಈಚೆಗೆ ಎರಡು ಇಂಗ್ಲಿಷ್ ಪುಸ್ತಕಗಳನ್ನು ಒಂದರ ಬೆನ್ನಿಗೆ ಒಂದರಂತೆ ಓದಿದೆ. ಒಂದು, 1985ರಲ್ಲಿ ಪ್ರಕಟವಾದ ಸಲೀಂ ಅಲಿಯವರ ಆತ್ಮಕಥೆ ‘ದಿ ಫಾಲ್ ಆಫ್ ಎ ಸ್ಪ್ಯಾರೋ’. ಇನ್ನೊಂದು, 2007ರಲ್ಲಿ ಅಮೆರಿಕದಲ್ಲಿ ಹೊರಬಂದ ಬ್ರಯನ್ ಗಾರ್‌ಫೀಲ್ಡ್ ಎಂಬವರ ‘ದಿ ಮೈನರ್ಟ್ಸ್‌ಹಾಗನ್ ಮಿಸ್ಟರಿ’. ಎರಡರಲ್ಲೂ ಬರುವ ಒಬ್ಬನೇ ವ್ಯಕ್ತಿ ಬ್ರಿಟಿಷ್ ಸೈನ್ಯದ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್. ಹೆಸರು ನಾಲಗೆಗೆ ತೊಡಕು. ಮುಂದೆ ‘ಕರ್ನಲ್’ ಎಂದೇ ಕರೆಯುತ್ತೇನೆ. ಮೊದಲನೆಯ ಪುಸ್ತಕದಲ್ಲಿ ಈ ಕರ್ನಲ್ ಒರಟ, ಆದರೂ ಮೆಚ್ಚತಕ್ಕ ದೊಡ್ಡ ಪಕ್ಷಿತಜ್ಞ. ಎರಡನೆಯದರಲ್ಲಿ ಜೀವಮಾನವಿಡೀ ಸುಳ್ಳನ್ನೇ ಉಂಡು ಉಟ್ಟವನು. ಇವೆರಡರ ನಡುವೆ ಮೂರನೆಯ ಬರಹವೊಂದಿದೆ. 1999ರಲ್ಲಿ ‘ಐಬಿಸ್’ ಎಂಬ ಪಕ್ಷಿಶಾಸ್ತ್ರದ ಪತ್ರಿಕೆಯಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ನೈಜಲ್ ಕಾಲರ್ ಬರೆದ ಹತ್ತು ಹನ್ನೊಂದು ಪುಟಗಳ ಪ್ರಬಂಧ ಅದು. ಅಲಂಕಾರವಿಲ್ಲ, ಸಿಟ್ಟಿಲ್ಲ. ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವನ ರುಚಿಯೇ ಹಾಗೋ ಏನೋ, ಮೂರರಲ್ಲಿ ನನಗೆ ಅತ್ಯುತ್ತಮವೆನಿಸಿದ್ದು ಅದೇ.

ಮೊದಲು ವ್ಯಕ್ತಿಯ ಪರಿಚಯ. 1878ರಲ್ಲಿ ಲಂಡನ್ನಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. ಸೈನ್ಯಕ್ಕೆ ಸೇರಿ ಭಾರತ, ಪೂರ್ವ ಆಫ್ರಿಕ, ಪ್ಯಾಲೆಸ್ಟೈನ್‌ಗಳಲ್ಲಿ ಕೆಲಸ ಮಾಡಿದವನು. ಹೋದಲ್ಲೆಲ್ಲ ಹಕ್ಕಿ ಹೊಡೆದು, ತೊಗಲು ಸುಲಿದು, ಹತ್ತಿ ತುಂಬಿ ಸಂಗ್ರಹಿಸಿದವನು. 1954ರಲ್ಲಿ ಸುಮಾರು ಇಪ್ಪತ್ತು ಸಾವಿರ ತೊಗಲುಗಳನ್ನು ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟ. ಅದಕ್ಕೆ ಮೊದಲೇ, 1951ರಲ್ಲಿ, ಬ್ರಿಟಿಷ್ ಪಕ್ಷಿಶಾಸ್ತ್ರಜ್ಞರ ಒಕ್ಕೂಟ ಆತನಿಗೆ ಗಾಡ್‌ಮನ್-ಸಾಲ್ವಿನ್ ಪದಕ ಕೊಟ್ಟಿತ್ತು. 1967ರಲ್ಲಿ ತುಂಬು ಗೌರವದಲ್ಲೇ ಸತ್ತ. ಅಫ್ಘಾನಿಸ್ತಾನದಲ್ಲಿ ಆತ ಕಂಡು ವಿವರಿಸಿದ ಹಿಮಗುಬ್ಬಿಯೊಂದು ಇಂದಿಗೂ ನಿಜವಾದ, ಪ್ರತ್ಯೇಕವಾದ ಪ್ರಭೇದವೇ. ಇದನ್ನು ಮರೆಯಬಾರದು. ಎಲ್ಲವೂ ಸುಳ್ಳಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಆಚೆಗೆ ಎಸೆಯಬಹುದಾಗಿತ್ತು. ಅಕ್ಕಿಯಲ್ಲಿ ಕಲ್ಲು ಬೆರೆತಂತೆ ಬೆರೆತಿರುವುದರಿಂದಲೇ ಇಂದಿಗೂ ಆರಿಸುವ ಕೆಲಸ ನಿಂತಿಲ್ಲ.

ವಸ್ತುಸಂಗ್ರಹಾಲಯದಲ್ಲಿರುವ ಒಂದು ಹಕ್ಕಿಯ ತೊಗಲಿಗೆ ಬೆಲೆ ಬರುವುದು ಅದರ ಬಣ್ಣದಿಂದಲ್ಲ, ಕಾಲಿಗೆ ದಾರದಿಂದ ಕಟ್ಟಿದ ಅಂಗೈ ಅಗಲದ ಚೀಟಿಯಿಂದ. ಯಾವ ಊರು, ಯಾವ ತಾರೀಖು, ಗಂಡೋ ಹೆಣ್ಣೋ, ಹೊಡೆದವರು ಯಾರು – ಇಷ್ಟೇ ಅದರಲ್ಲಿರುವುದು. ಚೀಟಿ ಹೋದರೆ ಅದು ಹತ್ತಿ ತುಂಬಿದ ಗೊಂಬೆ. ನಮ್ಮಂಥ ನೌಕರರಿಗೆ ಸರ್ವಿಸ್ ಬುಕ್ ಇದ್ದಂತೆ ಹಕ್ಕಿಗೆ ಆ ಚೀಟಿ. ಹೈದರಾಬಾದಿನಲ್ಲಿ ನೆಲೆಸಿದ ನಮಗೆ ಇನ್ನೂ ಹತ್ತಿರದ ಹೋಲಿಕೆಯೊಂದಿದೆ. ಮುಲ್ಕಿಯೋ ಗೈರ್ ಮುಲ್ಕಿಯೋ ಎಂಬ ಒಂದು ಕಾಗದಕ್ಕಾಗಿ ಈ ಊರು 1952ರಲ್ಲೂ 1969ರಲ್ಲೂ ಹೊತ್ತಿ ಉರಿದದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಮಕ್ಕಳ ಕಾಲೇಜು ಪ್ರವೇಶದ ಹೊತ್ತಿಗೆ ಇಷ್ಟು ವರ್ಷ ಇಲ್ಲೇ ಓದಿದ್ದಾರೆಂಬ ಸರ್ಟಿಫಿಕೇಟಿಗಾಗಿ ಶಾಲೆಯಿಂದ ಶಾಲೆಗೆ ಅಲೆದ ಅನುಭವ ಕೂಕಟ್‌ಪಲ್ಲಿಯ ಹಲವು ಕನ್ನಡ ಮನೆಗಳಲ್ಲಿದೆ. ‘ಇದು ಎಲ್ಲಿಯದು’ ಎಂಬ ಪ್ರಶ್ನೆಗೆ ಕಾಗದ ಕೊಡುವ ಉತ್ತರಕ್ಕೆ ಎಷ್ಟು ತೂಕವಿದೆಯೆಂದು ಪರಸ್ಥಳದಲ್ಲಿ ಬದುಕುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಗೂಬೆಯ ವಿಷಯ. ಹಾಲಕ್ಕಿಯನ್ನು ಎಲ್ಲರೂ ಬಲ್ಲೆವು. ಕಾಣದವರು ಕೂಡ ‘ಹಾಲಕ್ಕಿ ನುಡೀತೈತೆ’ ಎಂದು ಬೆಳಗಿನ ಜಾವ ಬಾಗಿಲಿಗೆ ಬರುತ್ತಿದ್ದ ಬುಡಬುಡಿಕೆಯವನನ್ನು ಬಲ್ಲರು. ಅದೇ ಗಾತ್ರದ, ಅದರ ದಾಯಾದಿಯಂತಿರುವ, ಆದರೆ ನೆತ್ತಿಯ ಮೇಲೆ ಚುಕ್ಕೆಗಳು ಅಷ್ಟಾಗಿ ಕಾಣದ, ಹಗಲಿನಲ್ಲೂ ಚುರುಕಾಗಿರುವ ಒಂದು ಪುಟ್ಟ ಗೂಬೆ ಮಧ್ಯ ಭಾರತದ ಕಾಡುಗಳಲ್ಲಿದೆ. ಇಂಗ್ಲಿಷಿನಲ್ಲಿ ‘ಫಾರೆಸ್ಟ್ ಔಲೆಟ್’. ಈಗಿನ ಛತ್ತೀಸಗಢದಲ್ಲಿ ಬ್ಲೂಯಿಟ್ ಎಂಬಾತ 1872ರಲ್ಲಿ ಮೊದಲು ಹೊಡೆದದ್ದು, ಮರುವರ್ಷ ಎ. ಓ. ಹ್ಯೂಮ್ ಅದಕ್ಕೆ ಬ್ಲೂಯಿಟ್‌ನ ಹೆಸರಿಟ್ಟರು. ಹೌದು, ಮುಂದೆ ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದ ಅದೇ ಹ್ಯೂಮ್. ಆಮೇಲೆ 1880ರ ದಶಕದ ಮೊದಲ ವರ್ಷಗಳಲ್ಲಿ ಪಶ್ಚಿಮ ಖಾನದೇಶದಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಡೇವಿಡ್‌ಸನ್ ಶಹಾದಾ, ತಳೋದಾ ಕಡೆ ಕೆಲವನ್ನು ಹೊಡೆದ. 1884ರ ನಂತರ ಹಕ್ಕಿ ಯಾರಿಗೂ ಸಿಗಲಿಲ್ಲ. ಜಗತ್ತಿನ ಎಲ್ಲ ವಸ್ತುಸಂಗ್ರಹಾಲಯಗಳನ್ನೂ ಜಾಲಾಡಿದರೆ ಸಿಕ್ಕಿದ್ದು ಏಳೇ ತೊಗಲು.

ಆ ಏಳರಲ್ಲಿ ಒಂದರ ಚೀಟಿ ಮಾತ್ರ ಬೇರೆಯೇ ಹೇಳುತ್ತಿತ್ತು. ಗುಜರಾತಿನ ಮಾಂಡ್ವಿ, ತಾಪಿ ನದಿಯ ತೀರ, 1914ರ ಅಕ್ಟೋಬರ್; ಹೊಡೆದವನು ನಮ್ಮ ಕರ್ನಲ್. (ಕಚ್ಛದ ಮಾಂಡ್ವಿಯಲ್ಲ, ಸೂರತ್ ಜಿಲ್ಲೆಯದು.) 1884ರಲ್ಲಿ ಮರೆಯಾದ ಹಕ್ಕಿ ಮೂವತ್ತು ವರ್ಷದ ಮೇಲೆ, ಅದೂ ಬೇರೊಂದು ಜಾಗದಲ್ಲಿ ಬದುಕಿತ್ತು ಎಂದಾಯಿತು. ಮುಂದೆ ಹುಡುಕುವವರು ಸಹಜವಾಗಿ ಕೊನೆಯದಾಗಿ ಕಂಡ ಜಾಗವನ್ನೇ ನೆಚ್ಚುತ್ತಾರೆ. ಸ್ಮಿತ್ಸೋನಿಯನ್ ಸಂಸ್ಥೆಯ ಡಿಲನ್ ರಿಪ್ಲೆ, ನಮ್ಮ ಸಲೀಂ ಅಲಿ ಮೊದಲಾದವರು ಹುಡುಕಿ ಹುಡುಕಿ ಸೋತರು. ಹಕ್ಕಿ ನಿರ್ನಾಮವಾಗಿರಬೇಕು ಎಂಬ ಮಾತು ಗಟ್ಟಿಯಾಗತೊಡಗಿತು.

ಪಮೇಲಾ ರಾಸ್ಮುಸೆನ್ ಮಾಡಿದ ಕೆಲಸವನ್ನು ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಆಕೆ ಸ್ಥಳ ತನಿಖೆಗೆ ಹೊರಡುವ ಮೊದಲು ಕಡತ ಓದಿದರು. ಅದಾಗಲೇ 1993ರಲ್ಲಿ ಸ್ಕಾಟ್‌ಲೆಂಡಿನ ಆಲನ್ ನಾಕ್ಸ್ ಎಂಬವರು, ಕರ್ನಲ್‌ನ ಸಂಗ್ರಹದಲ್ಲಿದ್ದ ‘ರೆಡ್‌ಪೋಲ್’ ಎಂಬ ಸಣ್ಣ ಹಕ್ಕಿಯ ತೊಗಲುಗಳು ಇತರರು ಹೊಡೆದು ತಯಾರಿಸಿದವು, ಕದ್ದು ಹೊಸ ಚೀಟಿ ಅಂಟಿಸಿದವು ಎಂದು ತೋರಿಸಿದ್ದರು. ರಾಸ್ಮುಸೆನ್ ಆ ದಾರಿಯಲ್ಲೇ ಗೂಬೆಯನ್ನು ಕೈಗೆತ್ತಿಕೊಂಡರು. ಇಲ್ಲಿ ತಿಳಿಯಬೇಕಾದ ಸ್ವಾರಸ್ಯವೊಂದಿದೆ. ಹಕ್ಕಿಯ ತೊಗಲು ಹದಮಾಡುವುದರಲ್ಲಿ ಒಬ್ಬೊಬ್ಬರದು ಒಂದೊಂದು ಕೈ. ಹತ್ತಿಯನ್ನು ಹೇಗೆ ತುಂಬಿದ್ದಾರೆ, ರೆಕ್ಕೆಯ ಕೀಲನ್ನು ಎಲ್ಲಿ ಬಿಡಿಸಿದ್ದಾರೆ, ತಲೆಬುರುಡೆಯನ್ನು ಎಷ್ಟು ಕತ್ತರಿಸಿದ್ದಾರೆ, ಹೊಲಿಗೆ ಹೇಗಿದೆ ಎಂಬುದೆಲ್ಲ ಕೈಬರಹದಂತೆ ಆಳಿನ ಗುರುತು ಹೇಳುತ್ತವೆ. ಅಡ್ಡ ಹೊಲಿಗೆ ನೋಡಿ ‘ಇದು ನಮ್ಮ ಅತ್ತೆಯ ಕೈ’ ಎಂದು ಹೆಂಗಸರು ಕೌದಿಯನ್ನು ಗುರುತಿಸುವುದಿಲ್ಲವೇ, ಹಾಗೆ. ಎಕ್ಸ್-ರೇ ತೆಗೆದು ನೋಡಿದಾಗ ಮಾಂಡ್ವಿಯ ಗೂಬೆಯ ಒಳಗೆ ಕಂಡದ್ದು ಡೇವಿಡ್‌ಸನ್‌ನ ಕೈ. ಕರ್ನಲ್ ಅದನ್ನು ಬಿಚ್ಚಿ, ಹಳೆಯ ಹತ್ತಿ ತೆಗೆದು, ಮತ್ತೆ ತುಂಬಿ ಹೊಲಿದಿದ್ದ. ಹಳೆಯ ಕೈಯ ಗುರುತನ್ನು ಮಾತ್ರ ಪೂರ್ತಿ ಅಳಿಸಲಾಗಲಿಲ್ಲ. ಬ್ರಿಟಿಷ್ ವಸ್ತುಸಂಗ್ರಹಾಲಯದಿಂದಲೇ ಕದ್ದ ಹಕ್ಕಿಯನ್ನು ಹೊಸ ಚೀಟಿ ಕಟ್ಟಿ ಅದೇ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟಿದ್ದ ಪುಣ್ಯಾತ್ಮ! ದಾನಪತ್ರಕ್ಕೆ ಕೃತಜ್ಞತೆಯ ಉತ್ತರವನ್ನೂ ಪಡೆದಿರಬೇಕು.

ಚೀಟಿ ಸುಳ್ಳೆಂದ ಮೇಲೆ ಮಾಂಡ್ವಿಯನ್ನು ಪಟ್ಟಿಯಿಂದ ಹೊಡೆದುಹಾಕಿ, ನಂಬಲರ್ಹವಾದ ಹಳೆಯ ಸ್ಥಳಗಳನ್ನಷ್ಟೇ ಇಟ್ಟುಕೊಂಡು 1997ರ ನವೆಂಬರಿನಲ್ಲಿ ರಾಸ್ಮುಸೆನ್, ಬೆನ್ ಕಿಂಗ್, ಡೇವಿಡ್ ಅಬ್ಬಟ್ ಮೂವರೂ ಭಾರತಕ್ಕೆ ಬಂದರು. ಪೂರ್ವದ ಸ್ಥಳಗಳಲ್ಲಿ ಹುಡುಕಿದರು, ಸಿಗಲಿಲ್ಲ. ನಂತರ ಡೇವಿಡ್‌ಸನ್ ಹೊಡೆದ ಖಾನದೇಶಕ್ಕೆ ಹೋದರು. ನವೆಂಬರ್ 25ರ ಬೆಳಿಗ್ಗೆ, ಶಹಾದಾದ ಬಳಿಯ ಕಾಡಿನಲ್ಲಿ, ಎಲೆ ಉದುರಿದ ಮರವೊಂದರ ಮೇಲೆ ಹಗಲು ಬೆಳಕಿನಲ್ಲಿ ಕೂತಿತ್ತು ಗೂಬೆ. 113 ವರ್ಷಗಳಾಗಿದ್ದವು. ಎರಡು ಮೂರು ವಾರಗಳಲ್ಲಿ ಮುಗಿದ ಕೆಲಸ ನಮ್ಮ ಹಿರಿಯರ ಕೈಯಲ್ಲಿ ದಶಕಗಳಾದರೂ ಏಕೆ ಆಗಲಿಲ್ಲವೆಂದರೆ, ಕೈಗೆ ಕೊಟ್ಟ ವಿಳಾಸವೇ ತಪ್ಪಾಗಿತ್ತು. ತಪ್ಪು ಕೂಡ ಅಲ್ಲ. ಬೇಕೆಂದೇ ಬರೆದ ಸುಳ್ಳು ವಿಳಾಸ.

ಈಗ ಸಲೀಂ ಅಲಿಯವರ ಪುಸ್ತಕಕ್ಕೆ ಬರೋಣ. ಹೈದರಾಬಾದಿನ ಕನ್ನಡಿಗರು ಈ ಆತ್ಮಕಥೆಯನ್ನು ಓದಲು ಬೇರೊಂದು ಕಾರಣವೂ ಇದೆ. ಉದ್ಯೋಗವಿಲ್ಲದೆ ಇದ್ದ ಸಲೀಂ ಅಲಿಯವರಿಗೆ ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ನಿಜಾಮರ ಸರ್ಕಾರದ ನೆರವಿನಿಂದ ನಡೆದ 1931-32ರ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆಯಲ್ಲಿ. ಆಗ ನಮ್ಮ ಬೀದರ್, ಕಲಬುರ್ಗಿ, ರಾಯಚೂರುಗಳೂ ಈ ಸಂಸ್ಥಾನದೊಳಗೇ ಇದ್ದವು. ಹೆಂಡತಿ ತೆಹಮಿನಾ ಬೇಗಂ ಡೇರೆಯಿಂದ ಡೇರೆಗೆ ಜೊತೆಗೆ ನಡೆದರು. ಮುಂದೆ 1939-40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆಯೂ ಅವರಿಂದಲೇ ಆಯಿತು. ಈ ಭಾಗಗಳ ಬರವಣಿಗೆ ಲವಲವಿಕೆಯದು. ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುವ ಗುಣ ಅವರಿಗೆ ಧಾರಾಳವಾಗಿತ್ತು.

ಹೈದರಾಬಾದ್ ಸಮೀಕ್ಷೆಯ ವರದಿಗೆ ಟಿಪ್ಪಣಿ ಬರೆದವರು ಹ್ಯೂ ವಿಸ್ಲರ್ ಎಂಬ ಪೊಲೀಸ್ ಅಧಿಕಾರಿ. ಇವರಿಬ್ಬರ ಸ್ನೇಹ ಹುಟ್ಟಿದ ಬಗೆ ಕೇಳುವಂಥದು. ಭೀಮರಾಜನ ಬಾಲದ ಉದ್ದನೆಯ ಗರಿಯ ರಚನೆಯ ಬಗ್ಗೆ ವಿಸ್ಲರ್ ಬರೆದದ್ದು ಸರಿಯಲ್ಲ, ಹಿಂದಿನವರ ತಪ್ಪನ್ನೇ ನಕಲು ಮಾಡಿಕೊಂಡು ಬಂದಿದ್ದೀರಿ ಎಂದು, ಯಾರೂ ಹೆಸರು ಕೇಳಿರದ ಸಲೀಂ ಅಲಿ ಪತ್ರಿಕೆಗೆ ಬರೆದರು. ಸಾಹೇಬರಿಗೆ ಮೂಗಿನ ಮೇಲೆ ಸಿಟ್ಟು ಬಂತು. ಸಂಪಾದಕರಿಗೆ ಚುಚ್ಚುಮಾತಿನ ಪತ್ರಗಳೂ ಹೋದವು. ಆಮೇಲೆ ವಿಸ್ಲರ್ ತಮ್ಮ ಬಳಿಯಿದ್ದ ತೊಗಲುಗಳನ್ನು ತೆಗೆದು ಮತ್ತೆ ನೋಡಿದರು. ಸಲೀಂ ಅಲಿ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡು, ಕೊನೆಯವರೆಗೂ ಗೆಳೆಯರಾಗಿ ಉಳಿದರು. ಒಂದು ಗರಿಯ ಸುದ್ದಿ ಇದು. ಆದರೆ ಶಾಸ್ತ್ರ ನಿಂತಿರುವುದೇ ಇಂಥ ಗರಿಗಳ ಮೇಲೆ.

ಒಂದು ಗರಿಯ ವಿಷಯದಲ್ಲಿ ಇಷ್ಟು ಹಟ ಹಿಡಿದ ಸಲೀಂ ಅಲಿ ಕರ್ನಲ್ ವಿಷಯದಲ್ಲಿ ಮಾತ್ರ ಸಡಿಲರಾಗಿಬಿಟ್ಟರೆಂಬುದು ನನ್ನ ಆಕ್ಷೇಪಣೆ. 1937ರಲ್ಲಿ ಇಬ್ಬರೂ ಅಫ್ಘಾನಿಸ್ತಾನಕ್ಕೆ ಒಟ್ಟಿಗೆ ಹೋಗಿದ್ದರು. ಆ ಪ್ರವಾಸದ ಬಗ್ಗೆ ಕರ್ನಲ್ ತನ್ನ ದಿನಚರಿಯಲ್ಲಿ, ಈ ಸಲೀಂ ಪುಸ್ತಕದ ವಿದ್ಯೆಯಲ್ಲಿ ಜಾಣ, ಕೈಕೆಲಸಕ್ಕೆ ಬಾರದವನು, ಬ್ರಿಟಿಷರನ್ನು ಓಡಿಸಿ ತಾನೇ ದೇಶ ಆಳುತ್ತೇನೆನ್ನುತ್ತಾನೆ ಎಂಬರ್ಥದಲ್ಲಿ ಮೂದಲಿಸಿ ಬರೆದುಕೊಂಡಿದ್ದ. ಆ ಮಾತುಗಳನ್ನು ಸಲೀಂ ಅಲಿ ತಮ್ಮ ಆತ್ಮಕಥೆಯಲ್ಲಿ ತಾವೇ ಅಚ್ಚುಹಾಕಿಸಿದ್ದಾರೆ. ದೊಡ್ಡ ಮನಸ್ಸು, ಸಂದೇಹವಿಲ್ಲ. ಆದರೆ ಓದುಗನಾಗಿ ನನಗೆ ಕಂಡದ್ದು ಬೇರೆ. ಕರ್ನಲ್‌ನ ಒರಟುತನವನ್ನೂ ಜಂಬವನ್ನೂ ಒಂದು ವಿನೋದವಾಗಿ, ದೊಡ್ಡವರ ತಿಕ್ಕಲಾಗಿ ತೆಗೆದುಕೊಂಡು ಮುಂದೆ ಸಾಗುತ್ತಾರೆ. ‘ಮಾತು ಒರಟು, ಮನುಷ್ಯ ಖರೆ’ ಎಂಬ ಭಾವ. ಒರಟಾಗಿ ಮಾತಾಡುವವನು ಸುಳ್ಳು ಹೇಳಲಾರ ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಮುಖಕ್ಕೆ ಹೊಡೆದಂತೆ ಮಾತಾಡುವ ಮೇಲಧಿಕಾರಿಯನ್ನು ‘ನೇರ ಮನುಷ್ಯ’ ಎಂದು ಹೊಗಳುವವರು ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲದ ಕುರ್ಚಿಗಳಿಗೆ ರುಜು ಹಾಕಿದವರು ಅಂಥ ನೇರ ಮನುಷ್ಯರೇ ಆಗಿದ್ದುದನ್ನು ನಾನು ಕಂಡಿದ್ದೇನೆ.

ಸಲೀಂ ಅಲಿಯವರಿಗೆ ನ್ಯಾಯ ಸಲ್ಲಬೇಕಾದರೆ ಒಂದು ಮಾತು ಸೇರಿಸಬೇಕು. ಅವರು ತೀರಿಕೊಂಡದ್ದು 1987ರಲ್ಲಿ. ನಾಕ್ಸ್ ಬರೆದದ್ದು 1993ರಲ್ಲಿ. ತಮ್ಮ ಸ್ನೇಹಿತ ಕಳ್ಳನೆಂದು ಅವರಿಗೆ ತಿಳಿಯುವ ಸಂದರ್ಭವೇ ಬರಲಿಲ್ಲ. ಹೆಚ್ಚಿನ ದೋಷ ಲಂಡನ್ನಿನದು. ಅಲ್ಲಿನ ವಸ್ತುಸಂಗ್ರಹಾಲಯದವರು 1919ರಲ್ಲೇ, ಅನುಮತಿಯಿಲ್ಲದೆ ತೊಗಲುಗಳನ್ನು ಒಯ್ದನೆಂದು ಆತನನ್ನು ಹಕ್ಕಿಗಳ ಕೋಣೆಗೆ ಬಾರದಂತೆ ಒಂದೂವರೆ ವರ್ಷ ತಡೆದಿದ್ದರು. ಅಂದರೆ ಗುಮಾನಿ ಇತ್ತು, ಕಡತವೂ ಇತ್ತು. ಮತ್ತೆ ಒಳಗೆ ಬಿಟ್ಟರು. ಮತ್ತೆ ತೊಗಲು ಕಾಣೆಯಾದವು. ಮೊಕದ್ದಮೆ ಹೂಡುವ ಮಾತು ಬಂದು ಹಾಗೆಯೇ ನಿಂತಿತು. ಅಮೆರಿಕದ ಚಾರ್ಲ್ಸ್ ವೊರಿ ಎಂಬ ತಜ್ಞ, ಈತನ ಸಂಗ್ರಹದಲ್ಲಿ ಕದ್ದ ಮಾಲಿದೆ ಎಂದು ಖಾಸಗಿ ಪತ್ರದಲ್ಲಿ ಖಡಾಖಂಡಿತವಾಗಿ ಬರೆದರೂ ಅದು ಬಹಿರಂಗವಾಗಲಿಲ್ಲ. ಸಾಹೇಬರು ಸಾಹೇಬರ ಮಾನ ಕಾಪಾಡಿದರು. ಇಲ್ಲಿ ನಾವು ಬಿಸಿಲಲ್ಲಿ ಗೂಬೆ ಹುಡುಕಿದೆವು.

ಗಾರ್‌ಫೀಲ್ಡ್ ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ ಅರ್ಧ ಮೆಚ್ಚುಗೆ, ಅರ್ಧ ಅಸಮಾಧಾನ. ಈತ ವೃತ್ತಿಯಿಂದ ಕಾದಂಬರಿಕಾರ. ‘ಡೆತ್ ವಿಶ್’ ಎಂಬ ಚಲನಚಿತ್ರಕ್ಕೆ ಮೂಲವಾದ ಕಾದಂಬರಿ ಈತನದೇ. ಕರ್ನಲ್‌ನ ದಿನಚರಿಯನ್ನು ಸೈನ್ಯದ ದಾಖಲೆಗಳ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿರುವ ಭಾಗ ಪುಸ್ತಕದ ತಿರುಳು. ದಿನಚರಿ ಎಂದರೆ ಹೊಲಿದ ಪುಸ್ತಕವಲ್ಲ. ಟೈಪು ಮಾಡಿದ ಬಿಡಿ ಹಾಳೆಗಳ ಎಪ್ಪತ್ತಕ್ಕೂ ಹೆಚ್ಚು ಸಂಪುಟಗಳು. ಬಿಡಿ ಹಾಳೆಯೆಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಡತದ ಪುಟಗಳಿಗೆ ಕ್ರಮಸಂಖ್ಯೆ ಹಾಕಿ ದಾರ ಪೋಣಿಸುವ ಪದ್ಧತಿ ಏಕೆ ಬಂತೆಂಬುದಕ್ಕೆ ಇದೇ ಉದಾಹರಣೆ. ಟಿ. ಇ. ಲಾರೆನ್ಸ್‌ನನ್ನು ಕುರಿತ ಹಾಳೆಗಳು ಎಷ್ಟೋ ಕಾಲದ ನಂತರ ಹೊಸದಾಗಿ ಟೈಪಾಗಿ ಸೇರಿದವೆಂದು ಲಾಕ್‌ಮನ್ ಎಂಬವರು 1995ರಲ್ಲೇ ತೋರಿಸಿದ್ದರು. 1917ರಲ್ಲಿ ತುರ್ಕರ ಮುಂದೆ ಸುಳ್ಳು ಕಾಗದಗಳ ಚೀಲ ಬೀಳಿಸಿ ಅವರನ್ನು ದಾರಿ ತಪ್ಪಿಸಿದ ಪ್ರಸಿದ್ಧ ಸಾಹಸವಿದೆಯಲ್ಲ, ಅದರ ಯೋಜನೆಯೂ ಸವಾರಿಯೂ ಬೇರೆಯವರದು ಎಂದು ಗಾರ್‌ಫೀಲ್ಡ್ ವಾದಿಸುತ್ತಾನೆ. ಹಿಟ್ಲರನ ಎದುರು ನಿಂತು, ಅವನು ಹಿಟ್ಲರನಿಗೆ ಜಯಕಾರ ಹಾಕಿದಾಗ ಇವನು ತನ್ನ ಹೆಸರಿಗೇ ಜಯಕಾರ ಹಾಕಿಕೊಂಡನೆಂಬ ಕಥೆಯನ್ನಂತೂ ನಗದೆ ಓದಲು ಸಾಧ್ಯವಿಲ್ಲ. ಇಂಥದನ್ನು ನಂಬಿದ ಜಗತ್ತು ಒಂದು ಗೂಬೆಯ ಚೀಟಿಯನ್ನು ನಂಬಿದ್ದರಲ್ಲಿ ಆಶ್ಚರ್ಯವೇನು?

ಅಸಮಾಧಾನ ಯಾವುದಕ್ಕೆಂದರೆ, ಕರ್ನಲ್‌ನ ಹೆಂಡತಿ ಆ್ಯನಿ ಕಾನ್‌ಸ್ಟನ್ಸ್, ತಾನೂ ಪಕ್ಷಿತಜ್ಞೆಯಾಗಿದ್ದವಳು, 1928ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಪಿಸ್ತೂಲಿನ ಗುಂಡು ತಗಲಿ ಸತ್ತಳು. ಆಕಸ್ಮಿಕವೆಂದು ಆಗ ತೀರ್ಮಾನವಾಯಿತು. ಗಾರ್‌ಫೀಲ್ಡ್ ಇಲ್ಲಿ ಗಂಡನ ಕಡೆ ಬೆರಳು ತೋರಿಸುತ್ತಾನೆ. ಆಕೆಗೆ ಗಂಡನ ಕಳ್ಳತನ ತಿಳಿದಿರಬಹುದು, ಬಯಲು ಮಾಡುತ್ತೇನೆಂದಿರಬಹುದು, ಆದ್ದರಿಂದ ಹೀಗಾಗಿರಬಹುದು – ಒಂದರ ಮೇಲೊಂದು ‘ಬಹುದು’. ಸತ್ತ ಹಕ್ಕಿಯ ಬಗ್ಗೆ ಅಷ್ಟು ಬಿಗಿಯಾದ ಸಾಕ್ಷ್ಯ ಕೇಳುವ ಗ್ರಂಥ ಸತ್ತ ಹೆಂಗಸಿನ ವಿಷಯಕ್ಕೆ ಬಂದಾಗ ಪತ್ತೇದಾರಿ ಕಾದಂಬರಿಯ ಲಹರಿಗೆ ಬೀಳುತ್ತದೆ. ಇದ್ದರೂ ಇರಬಹುದಪ್ಪ. ಆದರೆ ಖೋಟಾ ದಾಖಲೆಗಾರನ ಮೇಲೆ ಬರೆಯುವವನು ಊಹೆಯನ್ನೂ ದಾಖಲೆಯನ್ನೂ ಒಂದೇ ಮಸಿಯಲ್ಲಿ ಬರೆಯಬಾರದು. ‘ಐಬಿಸ್’ ಪ್ರಬಂಧದ ಘನತೆ ಇಲ್ಲೇ ಇದೆ. ರಾಸ್ಮುಸೆನ್ ಮತ್ತು ಕಾಲರ್ ಕರ್ನಲ್ ಎಂಥ ಮನುಷ್ಯ ಎಂದು ತೀರ್ಪು ಕೊಡಲು ಹೋಗಿಲ್ಲ. ಈ ತೊಗಲು ಯಾರದು, ಏಕೆ ಹಾಗೆ ಹೇಳುತ್ತೇವೆ, ಅಷ್ಟೇ. ಓದಿ ಮುಗಿಸಿದಾಗ ಮನುಷ್ಯ ಎಂಥವನೆಂದು ನಮಗೇ ತಿಳಿಯುತ್ತದೆ.

ಒಂದು ಪ್ರತಿವಾದವನ್ನು ಇಲ್ಲಿ ಎತ್ತಿಕೊಳ್ಳಬೇಕು. 1997ರ ನಂತರ ನಮ್ಮವರೇ ಹುಡುಕಿ ಈ ಗೂಬೆಯನ್ನು ಮೇಳಘಾಟ್, ಖಂಡವಾ ಮೊದಲಾದೆಡೆ ಕಂಡರು. 2014ರಲ್ಲಿ ಮುಂಬಯಿಗೆ ನೀರು ಕೊಡುವ ತಾನಸಾ ಕಾಡಿನಲ್ಲಿ ಸಿಕ್ಕಿತು. ಸ್ವಲ್ಪದರಲ್ಲೇ ದಕ್ಷಿಣ ಗುಜರಾತಿನ ಪೂರ್ಣಾ ಅಭಯಾರಣ್ಯದಲ್ಲೂ ಕಂಡಿತು. ಹಾಗಾದರೆ ಗುಜರಾತಿನಲ್ಲಿ ಈ ಹಕ್ಕಿ ಇತ್ತೆಂದು ಕರ್ನಲ್ ಬರೆದದ್ದು ನಿಜವೇ ಆಯಿತಲ್ಲ, ಅಷ್ಟು ಗದ್ದಲವೇಕೆ ಎಂದು ಸ್ನೇಹಿತರೊಬ್ಬರು ಕೇಳಿದರು. ಪ್ರಶ್ನೆ ಚೆನ್ನಾಗಿದೆ. ಓದದೆ ಖೋಟಾ ಅಂಕಪಟ್ಟಿ ತಂದು ಕೆಲಸಕ್ಕೆ ಸೇರಿದವನು ಆಮೇಲೆ ಕಷ್ಟಪಟ್ಟು ಅದೇ ಪರೀಕ್ಷೆ ಪಾಸು ಮಾಡಿದರೆ ಮೊದಲಿನ ಅಂಕಪಟ್ಟಿ ಅಸಲಿ ಆಗುತ್ತದೆಯೇ? ಕರ್ನಲ್‌ಗೆ ಗುಜರಾತಿನಲ್ಲಿ ಹಕ್ಕಿ ಇದೆಯೆಂದು ಗೊತ್ತಿರಲಿಲ್ಲ. ನಂಬಿಸಬಹುದಾದಷ್ಟು ಹತ್ತಿರದ ಒಂದು ಜಾಗ ಬೇಕಾಗಿತ್ತು, ಅಷ್ಟೇ. ಜಾಣ ವಂಚಕ ಯಾವಾಗಲೂ ಅಸಂಭವವಾದದ್ದನ್ನು ಬರೆಯುವುದಿಲ್ಲ.

ಇಂಗ್ಲೆಂಡಿನಲ್ಲೇ ಇದಕ್ಕೆ ಇನ್ನೊಂದು ನಿದರ್ಶನವಿದೆ. ಹೇಸ್ಟಿಂಗ್ಸ್ ಎಂಬ ಕರಾವಳಿ ಊರಿನ ಸುತ್ತ 1892ರಿಂದ 1930ರವರೆಗೆ ಬೇರೆಲ್ಲೂ ಸಿಗದ ಅಪರೂಪದ ಹಕ್ಕಿಗಳು ಸಾಲುಸಾಲಾಗಿ ಸಿಗುತ್ತಿದ್ದವು. ಹೆಚ್ಚಿನವು ಬಂದದ್ದು ಹಕ್ಕಿಗೆ ಹತ್ತಿ ತುಂಬುವ ಒಬ್ಬ ಅಂಗಡಿಯವನ ಕೈಯಿಂದ. ಹೊರದೇಶದಿಂದ ತಂದ ಹಕ್ಕಿಗಳನ್ನು ಸ್ಥಳೀಯವೆಂದು ಹೇಳಿದರೆ ಶ್ರೀಮಂತ ಸಂಗ್ರಾಹಕರಿಂದ ಒಳ್ಳೆ ಬೆಲೆ ಬರುತ್ತಿತ್ತು. 1962ರಲ್ಲಿ ‘ಬ್ರಿಟಿಷ್ ಬರ್ಡ್ಸ್’ ಪತ್ರಿಕೆ, ಜಾನ್ ನೆಲ್ಡರ್ ಎಂಬ ಸಂಖ್ಯಾಶಾಸ್ತ್ರಜ್ಞನ ಲೆಕ್ಕಾಚಾರದ ನೆರವಿನಿಂದ, ಇಷ್ಟೊಂದು ಅದೃಷ್ಟ ಒಂದೇ ಊರಿಗೆ ಒಲಿಯಲಾರದು ಎಂದು ತೋರಿಸಿ ಸುಮಾರು ಆರುನೂರು ದಾಖಲೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ಆಮೇಲೆ ಆ ಹಕ್ಕಿಗಳಲ್ಲಿ ಹೆಚ್ಚಿನವು ನಿಜವಾಗಿಯೇ ಇಂಗ್ಲೆಂಡಿಗೆ ಬಂದು ಪಟ್ಟಿಗೆ ಮರಳಿದವು, ಹೊಸ ತಾರ�ೀಖಿನಲ್ಲಿ, ಹೊಸ ಸಾಕ್ಷಿಯ ಮೇಲೆ. ಹಳೆಯ ನಮೂದು ಮಾತ್ರ ರದ್ದಾದದ್ದು ರದ್ದೇ.

ನಮ್ಮ ಹಿಂದಿನ ತಲೆಮಾರಿನ ಅರ್ಧ ಮಂದಿಯ ಹುಟ್ಟಿದ ದಿನ ಜೂನ್ 1 ಎಂದಿರುವುದನ್ನು ಯಾರಾದರೂ ಎದುರಿಗಿಡಬಹುದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ತಾರೀಖು ಅದು. ಸುಳ್ಳೆಂದು ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು. ಅದನ್ನು ನೆಚ್ಚಿ ಯಾರೂ ಜಾತಕ ಬರೆಸುವುದಿಲ್ಲ. ಆದರೆ ಕರ್ನಲ್ ಬರೆದ ಚೀಟಿಗಳನ್ನು ನೆಚ್ಚಿ ನಕ್ಷೆಗಳಾದವು. ಸಲೀಂ ಅಲಿ ಮತ್ತು ರಿಪ್ಲೆಯವರು 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ತಂದ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಕೈಪಿಡಿ ನಮ್ಮ ದೇಶದ ಪಕ್ಷಿಶಾಸ್ತ್ರಕ್ಕೆ ಅಡಿಪಾಯ. ಆ ಅಡಿಪಾಯದಲ್ಲಿ ಆತನ ಇಟ್ಟಿಗೆಗಳೂ ಸೇರಿಹೋಗಿದ್ದವು. 2005ರಲ್ಲಿ ರಾಸ್ಮುಸೆನ್ ಮತ್ತು ಆ್ಯಂಡರ್ಟನ್ ‘ಬರ್ಡ್ಸ್ ಆಫ್ ಸೌತ್ ಏಷ್ಯಾ’ ಬರೆಯುವಾಗ ಅಂಥ ಇಟ್ಟಿಗೆಗಳನ್ನು ಒಂದೊಂದಾಗಿ ಬಡಿದು ನೋಡಿ ತೆಗೆಯಬೇಕಾಯಿತು. ಎಷ್ಟು ಜನರ ಎಷ್ಟು ವರ್ಷದ ಆಯುಸ್ಸು!

ಈಗ ಹಕ್ಕಿ ಹೊಡೆಯುವ ಕಾಲ ಹೋಗಿ ಹಕ್ಕಿಯ ಫೋಟೋ ಹೊಡೆಯುವ ಕಾಲ ಬಂದಿದೆ. ಕೂಕಟ್‌ಪಲ್ಲಿಯಿಂದ ಅಮೀನ್‌ಪುರದ ಕೆರೆ ಹತ್ತಿರ. 2016ರಲ್ಲಿ ಅದನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿದ ಮೇಲೆ ಭಾನುವಾರ ಬೆಳಿಗ್ಗೆ ಕ್ಯಾಮರಾ ಹೊತ್ತವರ ಸಂಖ್ಯೆ ಕೆಲವೊಮ್ಮೆ ಹಕ್ಕಿಗಳದ್ದನ್ನು ಮೀರುತ್ತದೆ. ನಮ್ಮ ಮನೆಗಳ ಮಕ್ಕಳೂ ಹೋಗುತ್ತಾರೆ, ಸಂತೋಷ. ಆದರೆ ಯಾರ ಪಟ್ಟಿ ಉದ್ದ ಎಂಬ ಸ್ಪರ್ಧೆ ಶುರುವಾದೊಡನೆ ಬೇರೆ ಊರಿನಲ್ಲಿ ತೆಗೆದ ಚಿತ್ರ ಇಲ್ಲಿಯದಾಗುತ್ತದೆ, ಹೋದ ವರ್ಷದ್ದು ಈ ವಾರದ್ದಾಗುತ್ತದೆ. ಚಿತ್ರ ಅಸಲಿಯೇ, ಹಕ್ಕಿ ಅಸಲಿಯೇ. ಚೀಟಿ ಮಾತ್ರ ಸುಳ್ಳು. ಕರ್ನಲ್ ಮಾಡಿದ್ದೂ ಇಷ್ಟನ್ನೇ. ತೇಜಸ್ವಿಯವರ ‘ಹಕ್ಕಿಪುಕ್ಕ’ವನ್ನು ಮಕ್ಕಳ ಕೈಗೆ ಕೊಡುವ ತಾಯ್ತಂದೆಯರು ಜೊತೆಗೆ ಒಂದು ಹೊಲಿದ ನೋಟ್‌ಬುಕ್ಕನ್ನೂ ಕೊಡಲಿ. ಬಿಡಿ ಹಾಳೆ ಬೇಡ.

ಕೊನೆಗೆ ನಮ್ಮ ನಾಡಿಗೆ ಸಂಬಂಧಪಟ್ಟ ಒಂದು ಸಂಗತಿ. ತೆಲುಗಿನಲ್ಲಿ ‘ಕಲಿವಿ ಕೋಡಿ’ ಎನ್ನುವ, ಇಂಗ್ಲಿಷಿನವರು ಜರ್ಡನ್ನನ ಹೆಸರಿಟ್ಟಿರುವ ಹಕ್ಕಿಯ ಬಗ್ಗೆ ಇಲ್ಲಿಯವರಿಗೆ ಗೊತ್ತಿರಬಹುದು. 1900ರಲ್ಲಿ ಅನಂತಪುರದ ಕಡೆ ಕಂಡದ್ದೇ ಕೊನೆ ಎಂದುಕೊಂಡಿದ್ದಾಗ, 1986ರಲ್ಲಿ ಕಡಪಾ ಜಿಲ್ಲೆಯ ಕುರುಚಲು ಕಾಡಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅದನ್ನು ಮತ್ತೆ ಕಂಡರು. ಹಕ್ಕಿಯನ್ನು ಹಿಡಿದು ಕೊಟ್ಟವನು ಐತನ್ನ ಎಂಬ ಸ್ಥಳೀಯ ಬೇಟೆಗಾರ. ಅದರ ಮೊಟ್ಟೆಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ಸ್ಕಾಟ್‌ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಈ ಹಕ್ಕಿಯದೆನ್ನಲಾದ ಮೊಟ್ಟೆಯೊಂದು ಸಿಕ್ಕಿತು. ಸಿಕ್ಕಿದ್ದು ಬೇರಾರಿಗೂ ಅಲ್ಲ, ಕರ್ನಲ್‌ನ ಕಳ್ಳತನವನ್ನು 1993ರಲ್ಲಿ ಬಯಲಿಗೆಳೆದ ಅದೇ ಆಲನ್ ನಾಕ್ಸ್ ಅವರಿಗೆ. ಚೀಟಿಗಳು ಹೇಗೆ ಸುಳ್ಳು ಹೇಳುತ್ತವೆಂದು ಅವರಷ್ಟು ಬಲ್ಲವರಿಲ್ಲ. ಆದ್ದರಿಂದ ಮೊಟ್ಟೆಯ ಒಂದಿಷ್ಟು ಅಂಶವನ್ನು ವಸ್ತುಸಂಗ್ರಹಾಲಯದಲ್ಲಿದ್ದ ತೊಗಲಿನೊಂದಿಗೆ ಡಿಎನ್ಎ ಪರೀಕ್ಷೆಯಿಂದ ಹೋಲಿಸಿ ನೋಡಿಸಿದರು. ಹೊಂದಿತು. ಯಾರ ಕೈಯಿಂದ ಯಾರ ಕೈಗೆ ಬಂತೆಂದು ಜಾಡು ಹಿಡಿದು ಹೋಗಿ 2013ರಲ್ಲಿ ಪ್ರಕಟಿಸಿದರು. 1917ರಲ್ಲಿ ಅದನ್ನು ಸಂಗ್ರಹಿಸಿದವನು ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಅರ್ನೆಸ್ಟ್ ಗಿಲ್ಬರ್ಟ್ ಮೀಟನ್ ಎಂಬ ಪಶುವೈದ್ಯ. ಹಕ್ಕಿ ಕೋಲಾರದ ಕಡೆಯೂ ಗೂಡು ಕಟ್ಟುತ್ತಿತ್ತು ಎಂಬುದಕ್ಕೆ ನಮ್ಮಲ್ಲಿರುವ ಕಾಗದ ಅದೊಂದೇ. ನಮ್ಮ ಸಂಘದಲ್ಲಿ ಕೆ.ಜಿ.ಎಫ್. ಕಡೆಯ ಮನೆತನಗಳು ನಾಲ್ಕಾರಿವೆ. ತಾತ ಮುತ್ತಾತಂದಿರು ಗಣಿಯಲ್ಲಿದ್ದವರು, ಆ ಕಲಿವಿ ಕೋಡಿಗೆ ನಮ್ಮ ಕಡೆ ಏನೆನ್ನುತ್ತಿದ್ದರೆಂದು ಮನೆಯ ಹಿರಿಯರನ್ನು ಕೇಳಿ, ತಿಳಿದರೆ ಸಂಪಾದಕರಿಗೆ ಒಂದು ಕಾರ್ಡು ಬರೆಯಬೇಕಾಗಿ ಕೋರುತ್ತೇನೆ. ಹೇಳಿದವರ ಹೆಸರು, ಊರು, ತಾರೀಖನ್ನೂ ಮರೆಯದೆ ಸೇರಿಸಿ.